ನೋಯದ ಹುಣ್ಣು

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ಪಾದಪೂಜೆಗೆ ನೀರು ಹಿಡಿಯುವ ಸೇವೆ ನನ್ನದಾಗಿತ್ತು. ಯಾವ ಹಿರಿಯರ ಹಿಮ್ಮಡಿ ಎಲ್ಲಿ ಒಡೆದಿದೆಯೆಂಬುದು ನನಗೆ ಬಾಯಿಪಾಠವಾಗಿತ್ತು. ಅಂಥ ನಾನು, ಹದಿನಾರು ವರ್ಷಗಳಿಂದ ಮಧುಮೇಹಿಯಾಗಿದ್ದೂ, ನನ್ನ ಅಂಗಾಲನ್ನು ಒಮ್ಮೆಯೂ ತಿರುವಿ ನೋಡಿಕೊಂಡವನಲ್ಲ.

2023ರ ಬಸವ ಜಯಂತಿಯಂದು ಅರಕೇರಾದಲ್ಲಿ ಮೆರವಣಿಗೆಯ ಮುಂದೆ ಬರಿಗಾಲಿನಲ್ಲಿ ನಡೆದೆ. ರಾಯಚೂರು ಸೀಮೆಯ ಬೇಸಿಗೆಯ ಡಾಂಬರು ಎಂಥದೆಂದು ಈ ಭಾಗದ ಓದುಗರಿಗೆ ಹೇಳಬೇಕಿಲ್ಲ. ಜೊತೆಯವರು ನೆರಳಿಗೆ ಓಡುತ್ತಿದ್ದರೆ ನಾನು ನಿಧಾನವಾಗಿ ನಡೆದು, ಇದು ಭಕ್ತಿಯ ಬಲವೆಂದು ಒಳಗೊಳಗೇ ಹಿಗ್ಗಿದೆ. ಪಾದದ ನರಗಳು ಜಡವಾಗಿದ್ದವೆಂಬುದು ಆಮೇಲೆ ತಿಳಿಯಿತು. ಮೂರನೆಯ ದಿನ ನೆಲ ಒರೆಸುತ್ತಿದ್ದ ಸೊಸೆ, "ಮಾವಾರ, ನೀವು ಅಡ್ಡಾಡಿದಲ್ಲೆಲ್ಲ ಕಲಿ ಬಿದ್ದಾವ್ರಿ, ಕಾಲು ತೋರಿಸ್ರಿ" ಎಂದಳು. ಹೆಬ್ಬೆರಳಿನ ಬುಡದಲ್ಲಿ ಬೊಕ್ಕೆಯೊಡೆದು ರೂಪಾಯಿ ನಾಣ್ಯದಗಲ ಹುಣ್ಣಾಗಿತ್ತು. ನೋವೆಂಬುದು ಲವಲೇಶವೂ ಇರಲಿಲ್ಲ.

ಮೊದಲು ಹೋದ ಕಡೆ ಮೂರು ವಾರ ದಿನವೂ ಒಣ ಬಟ್ಟೆಯ ಪಟ್ಟಿ ಕಟ್ಟಿದರು. ಮರುದಿನ ಅದನ್ನು ಕಿತ್ತಾಗ ಹೊಸದಾಗಿ ಚಿಗುರಿದ ಕೆಂಪು ಮಾಂಸವೂ ಅದರೊಡನೆಯೇ ಬರುತ್ತಿತ್ತು. ಗಾಯ ಒಣಗಬೇಕು, ಗಾಳಿಯಾಡಬೇಕು ಎಂಬುದು ನಮ್ಮೆಲ್ಲರ ಹಳೆಯ ನಂಬಿಕೆ. ಆದರೆ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲಿಯೇ ಹಂದಿಗಳ ಮೈಮೇಲಿನ ಗಾಯಗಳನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ, ತೇವದಲ್ಲಿ ಹೊಸ ಚರ್ಮವು ಸುಮಾರು ಎರಡರಷ್ಟು ಬೇಗ ಹರಡುವುದನ್ನು ತೋರಿಸಿದ್ದರು. ಇಂದಿನ ನೂತನ ಪಟ್ಟಿಗಳಿಗೆಲ್ಲ ಇದೇ ಮೂಲ. ಹೆಚ್ಚು ಸೋರುವ ಗಾಯಕ್ಕೆ ರಸ ಹೀರುವ ಫೋಮ್ ಅಥವಾ ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್. ಒಣಗಿದ್ದಕ್ಕೆ ನೀರಿನಂಶ ಕೊಡುವ ಜೆಲ್.

ರಾಯಚೂರಿನ ಶಸ್ತ್ರವೈದ್ಯರೊಬ್ಬರು ನನಗೆ ಫೋಮ್ ಪಟ್ಟಿ ಹಾಕಿದರು. ಅದರ ಬೆಲೆ ಕೇಳಿ ಹೌಹಾರಿದೆ. ಜೇನು ಹಚ್ಚಬಹುದೇ, ಬೆಳ್ಳಿ ಬೆರೆತ ಪಟ್ಟಿಯೇ ಶ್ರೇಷ್ಠವಂತೆ ಹೌದೇ ಎಂದು ಕೇಳಿದೆನು. ಮಧುಮೇಹದ ಪಾದಹುಣ್ಣು ಮಾಯಿಸಲೆಂದು ಇವೆರಡನ್ನೂ ಬಳಸಬಾರದೆಂದು 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆಂದು ತಿಳಿಸಿ, "ಶಾಸ್ತ್ರಿಗಳೇ, ಪಟ್ಟಿ ಗಾಯದ ಹೊದಿಕೆ ಅಷ್ಟೇ. ನೀವು ಅದರ ಮೇಲೆ ನಡೆಯುತ್ತಿರುವವರೆಗೆ ಎಂಥ ಪಟ್ಟಿಯೂ ವ್ಯರ್ಥ" ಎಂದರು. ಪಾದದಲ್ಲಿ ನಾಡಿ ಮುಟ್ಟಿ ರಕ್ತಸಂಚಾರ ನೋಡಿ, ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ಸ್ಪರ್ಶ ಪರೀಕ್ಷಿಸಿ, ಸುತ್ತಲಿನ ಗಡಸು ಚರ್ಮ ಕೆತ್ತಿ, ಮೊಣಕಾಲಿನವರೆಗೆ ಅಚ್ಚುಕಟ್ಟಾದ ಪ್ಲಾಸ್ಟರ್ ಹಾಕಿದರು. ಭಾರವೆಲ್ಲ ಕಾಲಿನುದ್ದಕ್ಕೂ ಹಂಚಿಹೋಗಿ ಹುಣ್ಣಿಗೆ ಬಿಡುವು ಸಿಗುವುದೇ ಇದರ ಮರ್ಮ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಪಾದಗಳು ಕೊಳೆಯುವುದು ಶಾಪದಿಂದಲ್ಲ, ನೋವರಿಯದೆ ಗಾಯದ ಮೇಲೆಯೇ ತುಳಿಯುವುದರಿಂದ ಎಂದು ಕಂಡುಕೊಂಡು ಇಂಥ ಪ್ಲಾಸ್ಟರನ್ನೇ ಬಳಸಿದ್ದರು. ನಮ್ಮ ನೆರೆನಾಡಿನಲ್ಲಿ ಕಲಿತ ಪಾಠ ನಮ್ಮೂರಿಗೆ ಬರಲು ಇಷ್ಟು ಕಾಲ ಹಿಡಿಯಿತಲ್ಲ ಎಂದು ಸಂಕಟವಾಯಿತು.

ಹನ್ನೆರಡು ವಾರಗಳಲ್ಲಿ ಹುಣ್ಣು ಮಾಯಿತು. ಇನ್ನು ಬರಿಗಾಲು ಸಲ್ಲದೆಂದು ಕಟ್ಟಪ್ಪಣೆಯಾಯಿತು. ಇದೇ ನನಗೆ ಎಲ್ಲಕ್ಕಿಂತ ಕಠಿಣವಾದುದು. ಆ ವರ್ಷದ ಶ್ರಾವಣ ಪುರಾಣಕ್ಕೆ ಮಠದೊಳಗೆ ಹೇಗೆ ಕಾಲಿಡಲೆಂದು ಪೂಜ್ಯರಲ್ಲಿ ಅರಿಕೆ ಮಾಡಿದೆ. ಅವರು ನಕ್ಕು, ಒಳಗಷ್ಟೇ ಧರಿಸಲು ಬೇರೊಂದು ಜೊತೆ ಮೆತ್ತನೆಯ ಪಾದರಕ್ಷೆ ತರಿಸಿಟ್ಟರು. ಆದರೂ ಕುರ್ಚಿಯ ಮೇಲೆ ಪಾದರಕ್ಷೆ ಧರಿಸಿ ಕುಳಿತು ಪುರಾಣ ಹೇಳುವ ಶಾಸ್ತ್ರಿಯನ್ನು ಕಂಡು ಮುಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು. ಗ್ರಂಥ ಮುಚ್ಚಿ, ಕಾರಣ ಹೇಳಿ, ಗುರುತು ಉಳಿದ ಅಂಗಾಲನ್ನು ಎತ್ತಿ ತೋರಿಸಿದೆ. ಅರವತ್ತು ದಾಟಿದವನು ಸಭೆಗೆ ಅಂಗಾಲು ತೋರುವುದು ಅನುಚಿತವೇ ಸರಿ.

ಮಂಗಳದ ನಂತರ ಹಿರಿಯ ಒಕ್ಕಲಿಗರೊಬ್ಬರು ಕಂಬದ ಮರೆಗೆ ಕರೆದರು. "ನನಗೂ ಸಕ್ಕರಿ ಅದರೀ ಅಯ್ಯಾರ, ನೋವೇನಿಲ್ಲ, ಸುಮ್ಮನ ನೋಡ್ರಿ" ಎಂದು ಕಾಲು ಚಾಚಿದರು. ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕುಳಿತಿತ್ತು, ಸುತ್ತಲೂ ಕೀವಾಗಿತ್ತು. ಮರುದಿನದ ಬೆಳಗಿನ ಬಸ್ಸಿಗೆ ಅವರನ್ನು ಕರೆದುಕೊಂಡು ರಾಯಚೂರಿಗೆ ಹೊರಟೆ.