ಆಶ್ಲಿ ನದಿಯ ದಡದ ಉದ್ಯಾನ

ಅಮೆರಿಕೆಯಲ್ಲಿ ದೇಶ ನೋಡಹೊರಟವರು ಅನೇಕರು ಮನೆಯನ್ನೂ ಜೊತೆಗೇ ಒಯ್ಯುತ್ತಾರೆ. ಆರ್.ವಿ. ಎಂದು ಅಲ್ಲಿಯವರು ಕರೆಯುವ ಆ ವಾಹನದಲ್ಲಿ ಮಂಚ, ಒಲೆ, ನೀರಿನ ತೊಟ್ಟಿ, ಬಚ್ಚಲು ಎಲ್ಲವೂ ಉಂಟು. ಆದರೆ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ನಗರದ ಹಳೆಯ ಬೀದಿಗಳು ಕುದುರೆಗಾಡಿಯ ಕಾಲದವು. ಈ ಗಜಗಾತ್ರದ ಬಂಡಿಗೆ ಅಲ್ಲಿ ಎಡೆ ಸಾಲದು. ಬಲ್ಲವರು ಅದನ್ನು ಊರ ಹೊರಗಿನ ಬಿಡಾರದಲ್ಲಿ ನಿಲ್ಲಿಸಿ, ಸಣ್ಣ ಕಾರಿನಲ್ಲಿ ಮಿಡಲ್‌ಟನ್ ಪ್ಲೇಸ್ ಎಂಬ ಹಳೆಯ ತೋಟಕ್ಕೆ ಹೊರಡುತ್ತಾರೆ. ದಾರಿ ಸುಮಾರು 22 ಕಿಲೋಮೀಟರು. ನೋಡಲು ಮಾತ್ರ ಒಂದು ಹಗಲೇ ಬೇಕು.

ರಸ್ತೆಯ ಇಕ್ಕೆಲದ ಓಕ್ ಮರಗಳು ಮೇಲೆ ಕೈಕೈ ಹಿಡಿದು ಚಪ್ಪರ ಹಾಕಿವೆ. ಕೊಂಬೆಕೊಂಬೆಗೂ ಬೂದುಬಣ್ಣದ ಜಟೆ ಇಳಿಬಿದ್ದಿದೆ. ಇದಕ್ಕೆ 'ಸ್ಪ್ಯಾನಿಷ್ ಪಾಚಿ' ಎಂದು ಹೆಸರು. ಅದು ಸ್ಪೇನಿನದೂ ಅಲ್ಲ, ಪಾಚಿಯೂ ಅಲ್ಲ. ಅನಾನಸಿನ ಬಳಗಕ್ಕೆ ಸೇರಿದ ಗಿಡ!

1741ರಲ್ಲಿ ಹೆನ್ರಿ ಮಿಡಲ್‌ಟನ್ ಈ ಉದ್ಯಾನದ ಕೆಲಸವನ್ನು ಆರಂಭಿಸಿದನು. ಮನೆಯ ಮುಂದಿನ ನೆಲ ಹಸುರು ಮೆಟ್ಟಿಲುಮೆಟ್ಟಿಲಾಗಿ ನದಿಯತ್ತ ಇಳಿಯುತ್ತದೆ. ಕೊನೆಯಲ್ಲಿ ಚಿಟ್ಟೆಯ ರೆಕ್ಕೆಗಳನ್ನು ಬಿಡಿಸಿಟ್ಟಂತೆ ಎರಡು ಕೊಳಗಳು. ಫ್ರೆಂಚ್ ಸಸ್ಯವಿಜ್ಞಾನಿ ಆಂದ್ರೆ ಮಿಶೋ 1786ರಲ್ಲಿ ಇಲ್ಲಿಗೆ ಕಮೀಲಿಯಾ ಗಿಡಗಳನ್ನು ತಂದನೆಂದು ಪ್ರತೀತಿ. ನಾವು ದಿನವೂ ಕುಡಿಯುವ ಚಹದ ಗಿಡಕ್ಕೆ ಅದು ಹತ್ತಿರದ ನಂಟು. ಚಳಿಗಾಲದಲ್ಲಿ, ಉಳಿದ ಗಿಡಗಳು ಬರಲಾಗಿರುವಾಗ, ಇದು ಹೂವಿನಿಂದ ತುಂಬಿರುತ್ತದೆ.

ಇಷ್ಟೊಂದು ಚೆಲುವಿಗೆ ಹಣವೆಲ್ಲಿಂದ ಬಂದಿತು? ಭತ್ತದಿಂದ. ಉಬ್ಬರ ಬಂದಾಗ ಮೇಲೇರುವ ನದಿಯ ಸಿಹಿನೀರನ್ನು ಮರದ ತೂಬುಗಳಿಂದ ಗದ್ದೆಗೆ ಬಿಟ್ಟು, ಇಳಿತದಲ್ಲಿ ಬಸಿದುಬಿಡುವುದು ಆ ಸೀಮೆಯ ಬೇಸಾಯದ ಕ್ರಮ. ಕೆಸರಿನಲ್ಲಿ ನಿಂತು ಒಡ್ಡು ಕಟ್ಟಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಅವರಲ್ಲಿ ಹಲವರು ತಮ್ಮ ನಾಡಿನಲ್ಲಿಯೇ ಭತ್ತ ಬೆಳೆದು ಬಲ್ಲವರು. ಉದ್ಯಾನದ ಮಣ್ಣನ್ನು ಹೊತ್ತವರೂ ಅಂಥವರೇ: ನೂರು ಮಂದಿ, ಹತ್ತು ವರ್ಷ ಎಂದು ಪರಂಪರೆಯ ಮಾತು.

ಹೆನ್ರಿಯ ಮಗ ಆರ್ಥರ್ 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದನು. ಆರ್ಥರನ ಮೊಮ್ಮಗ ವಿಲಿಯಮ್ಸ್ 1860ರಲ್ಲಿ ಒಕ್ಕೂಟದಿಂದ ಸಿಡಿದುಹೋಗುವ ನಿರ್ಣಯಕ್ಕೆ ರುಜು ಹಾಕಿದನು. ಮನುಷ್ಯರೆಲ್ಲ ಸಮಾನರೆಂದು ಸಾರಿದ ಪತ್ರ ಒಂದು. ಮನುಷ್ಯರ ಒಡೆತನವನ್ನು ಉಳಿಸಿಕೊಳ್ಳಲು ಹೊರಟ ಪತ್ರ ಇನ್ನೊಂದು. 1865ರ ಫೆಬ್ರವರಿಯಲ್ಲಿ ಒಕ್ಕೂಟದ ಸೈನಿಕರು ಮನೆಗೆ ಬೆಂಕಿ ಹಚ್ಚಿದರು. ನಿಂತಿದ್ದ ಗೋಡೆಗಳನ್ನು 1886ರ ಭೂಕಂಪ ಕೆಡವಿತು. ಈಗ ಉಳಿದಿರುವುದು ದಕ್ಷಿಣದ ಪಕ್ಕಮನೆ ಮಾತ್ರ, ಅದೇ ವಸ್ತುಸಂಗ್ರಹಾಲಯ.

ಮರೆಯಾಗಿ ಇನ್ನೊಂದು ಪುಟ್ಟ ಮನೆಯಿದೆ. 1870ರ ದಶಕದಲ್ಲಿ, ಬಿಡುಗಡೆ ಹೊಂದಿದವರಿಗಾಗಿ ಕಟ್ಟಿದ ಮರದ ಮನೆ. ಅಲ್ಲಿ ಕೊನೆಯವಳಾಗಿ ವಾಸವಿದ್ದ ಎಲೈಜಾ ಲೀಚ್ ಎಂಬಾಕೆಯ ಹೆಸರನ್ನೇ ಅದಕ್ಕಿಟ್ಟಿದ್ದಾರೆ. ಒಳಗೆ ಗೋಡೆಯ ಮೇಲೆ, ಮಿಡಲ್‌ಟನ್ನರ ಸ್ವತ್ತೆಂದು ಲೆಕ್ಕಕ್ಕೆ ಬಂದ 2,800ಕ್ಕೂ ಹೆಚ್ಚು ಗುಲಾಮರ ಹೆಸರುಗಳು. ಹಳೆಯ ಕಾಗದಪತ್ರಗಳನ್ನು ಸೋಸಿ ಆರಿಸಿದ ಪಟ್ಟಿಯಿದು. ಕೊಳ, ಹೂವು, ದೊಡ್ಡ ಓಕ್ ಮರಗಳನ್ನು ನೋಡಿ ದಣಿದವರು, ಬಿಸಿಲಿಳಿದು ಬಿಡಾರ ನೆನಪಾಗುವ ಹೊತ್ತಿಗೆ, ಇದನ್ನು ಹಾಯ್ದು ಹೋಗುವುದುಂಟು. ಬೆಳಗಿನಲ್ಲಿಯೇ ಮೊದಲು ಇಲ್ಲಿಗೆ ಬಂದು, ಆ ಪಟ್ಟಿಯನ್ನೋದಿ, ಬಳಿಕ ಮೆಟ್ಟಿಲುಗಳನ್ನಿಳಿಯುವುದು ಮೇಲು.