ಗುಂಯ್ ಅನ್ನುವ ಗಾಡಿ, ಏರುವ ಹೊಳಿ

ಕೃಷ್ಣಾ ನದಿ ದಂಡೆಯ ನಮ್ಮ ಊರುಗಳಲ್ಲಿ ಜುಲೈ ಬಂತೆಂದರೆ ಎಲ್ಲರ ಬಾಯಲ್ಲೂ ಎರಡೇ ಹೆಸರು: ಕೊಯ್ನಾ ಮತ್ತು ರಾಜಾಪುರ. ಕೊಯ್ನಾ ಕಡೆ ಮಳೆ ಎಷ್ಟು, ರಾಜಾಪುರ ಬ್ಯಾರೇಜಿನಿಂದ ಬಿಟ್ಟ ನೀರು ಎಷ್ಟು ಕ್ಯೂಸೆಕ್, ಕಲ್ಲೋಳ-ಯಡೂರು ಸೇತುವೆ ಮುಳುಗಿತಾ, ಕುಡಚಿ-ಉಗಾರ ದಾರಿ ಬಂದ್ ಆಯ್ತಾ? ಚಹಾದಂಗಡಿಯಲ್ಲಿ ಇದೇ ಮಾತು. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಮಹಾಪೂರ ಕಂಡವರು ಈ ಅಂಕಿ ಕೇಳಿದ ಕೂಡಲೇ ದನ ಯಾವಾಗ ಬಿಚ್ಚಬೇಕು ಅಂತ ಲೆಕ್ಕ ಹಾಕುತ್ತಾರೆ.

ನಮ್ಮ ಮನೆಯ ಲೆಕ್ಕದಲ್ಲಿ ಇನ್ನೊಂದು ಸೇರುತ್ತದೆ, ಅಪ್ಪನ ಗಾಡಿ. 2008ರ ಮಾದರಿಯ ಫೋರ್ ವ್ಹೀಲ್ ಡ್ರೈವ್ ಗಾಡಿ ಅದು. 15 ವರ್ಷ ತುಂಬಿದ ಮೇಲೆ ಚಿಕ್ಕೋಡಿ ಆರ್‌ಟಿಒದಲ್ಲಿ ಮತ್ತೆ ಐದು ವರ್ಷಕ್ಕೆ ನವೀಕರಣ ಮಾಡಿಸಿದ್ದೇವೆ. 2019ರಲ್ಲಿ ಅಜ್ಜಿಯನ್ನು, ಇಬ್ಬರು ಬಾಣಂತಿಯರನ್ನು, ಓಣಿಯ ಮಂದಿಯ ಗಂಟುಮೂಟೆಯನ್ನು ಎರಿ ಮಣ್ಣಿನ ದಾರಿಯಲ್ಲಿ ಎಳೆದುಕೊಂಡು ಹೊರಗೆ ಬಂದದ್ದು ಇದೇ ಗಾಡಿ. ಟ್ರ್ಯಾಕ್ಟರ್ ಇತ್ತು. ಆದರೆ ಸುರಿವ ಮಳೆಯಲ್ಲಿ ಬಾಣಂತಿಯನ್ನು ಟ್ರೇಲರಿನಲ್ಲಿ ಕೂರಿಸಲಾದೀತೇ?

ಕಳೆದ ಬೇಸಿಗೆಯಲ್ಲಿ ಪುಣೆಯಿಂದ ರಜೆಗೆ ಊರಿಗೆ ಬಂದಿದ್ದೆ. ಚಿಕ್ಕೋಡಿ-ನಿಪ್ಪಾಣಿ ರಸ್ತೆಯಲ್ಲಿ ಗಾಡಿ ಐವತ್ತು ದಾಟುತ್ತಿದ್ದಂತೆ ಮುಂದಿನಿಂದ "ಗುಂಯ್" ಅಂತ ಸದ್ದು. ಸ್ಪೀಡ್ ಏರಿದಂತೆ ಸದ್ದೂ ಏರುತ್ತದೆ. "ಮೂರು ತಿಂಗಳಾತು, ಹಿಂಗ ಅನ್ನಾಕತ್ತೈತಿ," ಅಂದರು ಅಪ್ಪ. ಅಷ್ಟರಲ್ಲಿ ಒಂದು ಗ್ಯಾರೇಜಿನವರು ಟೈರು ಸವೆದಿದೆ ಎಂದು ಎರಡು ಟೈರು ಬದಲಿಸಿದ್ದರು. ಇನ್ನೊಂದು ಕಡೆ ವ್ಹೀಲ್ ಬೇರಿಂಗ್ ಹಾಕಿದ್ದರು. ದುಡ್ಡು ಹೋಗಿತ್ತು, ಸದ್ದು ಹಾಗೇ ಉಳಿದಿತ್ತು.

ನನ್ನ ಕೆಲಸ ಸಾಫ್ಟ್‌ವೇರ್. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವಾಗ ನಾವು ಅರ್ಧ ಭಾಗ ಬೇರೆ ಮಾಡಿ ನೋಡುತ್ತೇವೆ, ಆಮೇಲೆ ಉಳಿದದ್ದರಲ್ಲಿ ಅರ್ಧ. ಗಾಡಿಗೂ ಅದನ್ನೇ ಮಾಡಿದೆ. ಡಾಂಬರು ಬಿಟ್ಟು ಕಾಂಕ್ರೀಟ್ ರಸ್ತೆಗೆ ಹೋದಾಗ ಸದ್ದು ಬದಲಾದರೆ ಟೈರು, ಬದಲಾಗಲಿಲ್ಲ. ಎಡಕ್ಕೆ, ಬಲಕ್ಕೆ ತಿರುಗಿಸಿದಾಗ ಏರಿಳಿದರೆ ವ್ಹೀಲ್ ಬೇರಿಂಗ್, ಅದೂ ಅಲ್ಲ. ಇನ್ನು ಮುಂದಿನ ಹಬ್ಬು. ಅದರ ಮೇಲೆ 'ಫ್ರೀ', 'ಲಾಕ್' ಅಂತ ಎರಡು ಗುರುತು ಇರುತ್ತವೆ. ಫ್ರೀ ಇಟ್ಟರೆ ಗಾಲಿ ಮಾತ್ರ ತಿರುಗುತ್ತದೆ, ಒಳಗಿನ ಆಕ್ಸಲ್, ಡಿಫರೆನ್ಷಿಯಲ್ ಸುಮ್ಮನಿರುತ್ತವೆ. ಲಾಕ್ ಮಾಡಿದರೆ ಟೂ ವ್ಹೀಲ್‌ನಲ್ಲಿ ಓಡಿಸುವಾಗಲೂ ಗಾಲಿಯೇ ಅವನ್ನು ತಿರುಗಿಸುತ್ತದೆ. ಅಪ್ಪ ಮಳೆಗಾಲಕ್ಕೆ ಲಾಕ್ ಮಾಡಿದ್ದು ಹಾಗೇ ಇತ್ತು. ಇಳಿದು ಎರಡೂ ಫ್ರೀ ಮಾಡಿ ಮತ್ತೆ ಅದೇ ರಸ್ತೆಯಲ್ಲಿ ಓಡಿಸಿದೆ. ಗಾಡಿ ತಣ್ಣಗೆ ಓಡಿತು. ಮತ್ತೆ ಲಾಕ್ ಮಾಡಿದೆ. ಗುಂಯ್!

ಮುಂದಿನ ಡಿಫರೆನ್ಷಿಯಲ್ ಮೇಲೆ ಗುಮಾನಿ ಬಂದದ್ದು ಹೀಗೆ. ಇದೇನು ಅಂತ ಅವ್ವ ಕೇಳಿದಾಗ ಹಂತಿಯ ಉದಾಹರಣೆ ಕೊಟ್ಟೆ. ಕಣದಲ್ಲಿ ಮೇಟಿಯ ಸುತ್ತ ಎತ್ತು ಸುತ್ತುವಾಗ ಮೇಟಿಯ ಹತ್ತಿರದ ಎತ್ತು ನಾಲ್ಕು ಹೆಜ್ಜೆ ಇಟ್ಟರೆ ಹೊರಗಿನದು ಹತ್ತು ಹೆಜ್ಜೆ ಇಡಬೇಕು. ಗಾಡಿ ತಿರುವಿನಲ್ಲಿ ಹೋಗುವಾಗ ಎರಡು ಗಾಲಿಗಳ ಕಥೆಯೂ ಅದೇ. ಒಂದೇ ಎಂಜಿನ್ನಿನ ಜೋರನ್ನು ಎರಡಕ್ಕೂ ಕೊಟ್ಟು, ಹೊರಗಿನದಕ್ಕೆ ಹೆಚ್ಚು ಸುತ್ತು ತಿರುಗಲು ಬಿಡುವ ಗೇರುಗಳ ಡಬ್ಬಿಯೇ ಡಿಫರೆನ್ಷಿಯಲ್. "ಅಂದ್ರ ಎತ್ತಿಗೆ ಗೊತ್ತಿದ್ದದ್ದನ್ನ ಕಬ್ಬಿಣಕ್ಕ ಕಲಿಸ್ಯಾರ," ಅಂದಳು ಅವ್ವ.

ಸುಲಭದ ದಾರಿಯೂ ಇತ್ತು. "ಹಬ್ ಫ್ರೀ ಮಾಡಿ ಹಂಗ ಓಡಸ್ರಿ, ರೊಕ್ಕ ಯಾಕ ಹಾಕ್ತೀರಿ?" ಅಂದರು ಚಿಕ್ಕಪ್ಪ. ವರ್ಷದ ಹತ್ತು ತಿಂಗಳಿಗೆ ಆ ಮಾತು ಸರಿ. ಉಳಿದೆರಡು ತಿಂಗಳಿಗೇ ಅಲ್ಲವೇ ಅಪ್ಪ ಈ ಗಾಡಿ ಇಟ್ಟುಕೊಂಡದ್ದು? ಅಣ್ಣನ ಹೆಂಡತಿಗೆ ಆಗ ಐದನೇ ತಿಂಗಳು. ನೀರು ಏರಿದರೆ ಎಂಟು ತಿಂಗಳ ಬಸುರಿಯನ್ನು ಆ ಕೆಸರಿನಲ್ಲಿ ದಾಟಿಸಬೇಕಾಗುತ್ತಿತ್ತು. ಅಪ್ಪ ಹೆಚ್ಚು ಮಾತಾಡಲಿಲ್ಲ. "ಮಾರೂದಿದ್ರ ದೀಪಾವಳಿಗೆ ಮಾರೂನು. ಮಳಿಗಾಲಕ್ಕ ಮಾತ್ರ ನಾಕೂ ಗಾಲಿ ಎಳೀಬೇಕು," ಅಂದರು.

ಅಥಣಿಯಲ್ಲಿ ನಮ್ಮ ಹಳೆಯ ಮಿಸ್ತ್ರಿ ಕಾಕಾ ಇದ್ದಾರೆ. ಅವರು ಮುಂದಿನ ಗಾಲಿಗಳನ್ನು ಜಾಕ್ ಮೇಲೆ ಎತ್ತಿ, ಹಬ್ ಲಾಕ್ ಮಾಡಿ, ನನಗೆ ಗಾಲಿ ತಿರುಗಿಸಲು ಹೇಳಿದರು. ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಹೌಸಿಂಗಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿದರು. "ಪಿನಿಯನ್ ಬೇರಿಂಗ್ ಅಳಾಕತ್ತೈತಿ ನೋಡ್ ತಮ್ಮಾ." ಡ್ರೇನ್ ಬೋಲ್ಟ್ ಬಿಚ್ಚಿದಾಗ ಬಂದ ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣದ್ದಿತ್ತು. ನೀರು ಸೇರಿದರೆ ಗೇರ್ ಆಯಿಲ್ ಹಾಗಾಗುತ್ತದೆ. ಬೋಲ್ಟಿನ ಅಯಸ್ಕಾಂತಕ್ಕೆ ಬೂದಿಯಂಥ ನುಣ್ಣನೆ ಪುಡಿ ಹತ್ತಿದ್ದರೆ ಅದು ಸಹಜ ಸವೆತ. ನಮ್ಮದರಲ್ಲಿ ಕಬ್ಬಿಣದ ಚೂರುಗಳೇ ಇದ್ದವು.

ನೀರು ಹೋದದ್ದು ಹೇಗೆ? ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಆಡಲೆಂದು ಇರುವ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ನಮ್ಮ ಬ್ರೀದರಿನಲ್ಲಿ ಹೊಳಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಹಿಂದಿನ ಮಳೆಗಾಲದ ನೀರು ತಿಂಗಳುಗಟ್ಟಲೆ ಒಳಗೇ ನಿಂತು ಬೇರಿಂಗಿಗೆ ತುಕ್ಕು ಹಿಡಿಸಿತ್ತು, ಕ್ರೌನ್ ಮತ್ತು ಪಿನಿಯನ್ ಹಲ್ಲುಗಳನ್ನೂ ಕೆಡಿಸಿತ್ತು. ಈ ಎರಡು ಗೇರುಗಳನ್ನು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ, ಹಾಗಾಗಿ ಒಂದನ್ನೇ ಬದಲಿಸುವಂತಿಲ್ಲ. ಹೊಸ ಜೋಡಿ ಹಾಕಿದರೆ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಸಡಿಲ ಸಿಗುವವರೆಗೆ ಶಿಮ್ ಹಾಕಿ ತೆಗೆದು ಕೂರಿಸಬೇಕು. ಕಾಕಾ ಹಳೆಯದಾದರೂ ಚೆನ್ನಾಗಿರುವ ಪೂರ್ತಿ ಡಿಫರೆನ್ಷಿಯಲ್ಲೇ ಹಾಕೋಣ ಅಂದರು.

ಮಿರಜಿನಲ್ಲಿ ಒಂದು ಸಿಕ್ಕಿತು. ರೇಟು ಕಡಿಮೆ, ನೋಡಲು ಹೊಸದರಂತಿತ್ತು. ಕಾಕಾ ಹಲ್ಲು ಎಣಿಸಲು ಹೇಳಿದರು. ನಮ್ಮ ಗಾಡಿಯ ಕ್ರೌನಿಗೆ 41, ಪಿನಿಯನ್ನಿಗೆ 9, ಅಂದರೆ 4.56. ಮಿರಜಿನದು 37ಕ್ಕೆ 9, ಅಂದರೆ 4.11. ಹಿಂದಿನ ಡಿಫರೆನ್ಷಿಯಲ್ಲಿನ ಅನುಪಾತವೇ ಮುಂದಿನದಕ್ಕೂ ಇರಬೇಕು. ಇಲ್ಲದಿದ್ದರೆ ಟೂ ವ್ಹೀಲ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಫೋರ್ ವ್ಹೀಲ್ ಹಾಕಿದ ದಿನ ಮುಂದಿನ ಗಾಲಿ ಒಂದು ಲೆಕ್ಕದಲ್ಲಿ, ಹಿಂದಿನದು ಇನ್ನೊಂದು ಲೆಕ್ಕದಲ್ಲಿ ತಿರುಗಲು ಹೋಗಿ ಏನಾದರೊಂದು ಮುರಿಯುತ್ತದೆ. ನಮಗಂತೂ ಅದು ಮುರಿಯುತ್ತಿದ್ದದ್ದು ನೀರಿನ ನಡುವೆಯೇ. ಅದನ್ನು ಬಿಟ್ಟು ಬಂದೆವು. ನಾಲ್ಕು ದಿನದ ಮೇಲೆ ಕೊಲ್ಹಾಪುರದಲ್ಲಿ 41-9ರದ್ದೇ ಸಿಕ್ಕಿತು. ಹೊಸ ಸೀಲು, ಹೊಸ ಆಯಿಲ್, ಕೂಲಿ ಎಲ್ಲ ಸೇರಿ 29,000 ರೂಪಾಯಿ. ಬ್ರೀದರಿಗೆ ಉದ್ದನೆ ರಬ್ಬರ್ ಪೈಪು ಹಾಕಿ ಬಾನೆಟ್ ಒಳಗೆ ಮೇಲಕ್ಕೆ ಕಟ್ಟಿದೆವು. ಅದಕ್ಕೆ ತಗುಲಿದ್ದು ನೂರೈವತ್ತು ರೂಪಾಯಿಯೂ ಅಲ್ಲ.

ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದರೆ ಎರಡು ಮಾತು. ಗಾಲಿಯ ನಡುಮಟ್ಟಕ್ಕೆ ನೀರು ಬಂದ ದಾರಿ ದಾಟಿದ್ದರೆ ಆ ವಾರವೇ ಎರಡೂ ಡಿಫರೆನ್ಷಿಯಲ್ ಆಯಿಲ್ ನೋಡಿಸಿ. ಒಣ ಡಾಂಬರಿನ ಮೇಲೆ ಫೋರ್ ವ್ಹೀಲ್ ಹಾಕಬೇಡಿ. ಅದೇನಿದ್ದರೂ ಕೆಸರು, ಮಣ್ಣಿನ ದಾರಿಗೆ.

ಜುಲೈನಲ್ಲಿ ಹೊಳಿ ಏರಿತು. ನೀರು ಓಣಿಗೆ ಬರುವ ಮುಂಚೆಯೇ ಅತ್ತಿಗೆಯನ್ನೂ ಅಜ್ಜಿಯನ್ನೂ ಅಪ್ಪ ರಾಯಬಾಗದ ಸೋದರತ್ತೆ ಮನೆಗೆ ಮುಟ್ಟಿಸಿ ಬಂದರು. ದೀಪಾವಳಿ ಬಂತು, ಹೋಯಿತು. ಮಾರುವ ಮಾತು ಯಾರೂ ಎತ್ತಲಿಲ್ಲ. ಈಗ ತಿಂಗಳಿಗೊಮ್ಮೆ ಅಪ್ಪನಿಂದ ವಾಟ್ಸ್ಆ್ಯಪಿನಲ್ಲಿ ಒಂದು ಫೋಟೊ ಬರುತ್ತದೆ. ಬೆರಳ ತುದಿಯಲ್ಲಿ ಗೇರ್ ಆಯಿಲ್, ಕೆಳಗೆ ಒಂದೇ ಸಾಲು: "ಬಣ್ಣ ನೋಡಿ ಹೇಳು."