ಮಳೆಯಿಲ್ಲದ ನಾಡಿನ ನೀರು

ನೀರೆಂದೊಡನೆ ನಮ್ಮ ಕಡೆಯ ಒಕ್ಕಲಿಗನು ಆಕಾಶವನ್ನು ನೋಡುವನು. ಲಡಾಖಿನ ಒಕ್ಕಲಿಗನಾದರೋ ಪರ್ವತದ ನೆತ್ತಿಯನ್ನು ನೋಡುವನು. ಮುಂಗಾರಿನ ಮೋಡಗಳನ್ನು ಹಿಮಾಲಯದ ಶ್ರೇಣಿಗಳು ದಕ್ಷಿಣದಲ್ಲಿಯೇ ತಡೆಯುವುದರಿಂದ, ಸುಮಾರು 11,500 ಅಡಿ ಎತ್ತರದ ಲೇಹ್ ಪಟ್ಟಣಕ್ಕೆ ವರ್ಷವೆಲ್ಲಾ ಕೂಡಿ ದೊರೆಯುವ ಮಳೆ ಹಿಮಗಳ ನೀರು ಸರಾಸರಿ ನಾಲ್ಕು ಅಂಗುಲ ಮಾತ್ರ. ಸಿಂಧೂನದಿಯು ಕಣಿವೆಯ ತಳದಲ್ಲಿ ಹರಿಯುವುದರಿಂದ ಮೇಲಣ ಹಳ್ಳಿಗಳಿಗೆ ಒದಗದು. ಅವುಗಳ ಜೀವವೆಲ್ಲಾ ಹಿಮ ಕರಗಿ ಬರುವ ತೊರೆಗಳಲ್ಲಿಯೇ ಇರುವುದು.

ನಾವು ಕುಟುಂಬಸಮೇತರಾಗಿ ಒಂದು ಮೇ ತಿಂಗಳಲ್ಲಿ ಲೇಹಿನ ಸಮೀಪದ ಹಳ್ಳಿಯ ಮನೆಯೊಂದರಲ್ಲಿ ನಾಲ್ಕು ದಿನ ತಂಗಿದ್ದೆವು. ತೊರೆಯಿಂದ ಹೊಲಕ್ಕೆ ಬರುವ ಕಾಲುವೆಯನ್ನು ಅವರು ಯೂರಾ ಎನ್ನುವರು; ರಾತ್ರಿಯ ನೀರನ್ನು ಕೂಡಿಡುವ ಕೊಳಕ್ಕೆ ಝಿಂಗ್ ಎಂದು ಹೆಸರು. ಯಾರ ಹೊಲಕ್ಕೆ ಯಾವಾಗ ನೀರೆಂಬುದನ್ನು ಗೊತ್ತುಮಾಡುವವನು ಚುರ್‌ಪೋನ್. ನಮ್ಮ ಕೆರೆಯೂರುಗಳ ನೀರುಗಂಟಿಯನ್ನು ಬಲ್ಲವರಿಗೆ ಅವನ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ. ಕುಡಿಯುವ ತೊರೆಯಲ್ಲಿ ಬಟ್ಟೆಯೊಗೆಯುವಂತಿಲ್ಲ. ಪಾಯಿಖಾನೆಗೆ ನೀರೇ ಬೇಡ. ಮಣ್ಣೆಳೆದು ಗೊಬ್ಬರಮಾಡಿ ಹೊಲಕ್ಕೆ ಸಾಗಿಸುವರು. ಮೊದಲ ದಿನ ಮುಖ ಸಿಂಡರಿಸಿದ ನಮ್ಮ ಮಕ್ಕಳು ಮೂರನೆಯ ದಿನ ತಂಬಿಗೆ ನೀರಿನಲ್ಲಿಯೇ ಮುಖಮಾರ್ಜನವನ್ನು ಮುಗಿಸುತ್ತಿದ್ದರು.

ಮನೆಯ ವೃದ್ಧೆಯು ಆ ದಿನಗಳಲ್ಲಿ ಪದೇ ಪದೇ ಬೆಟ್ಟದ ಕಡೆಗೆ ನೋಡುತ್ತಿದ್ದಳು. ಬಿತ್ತನೆಗೆ ನೀರು ಬೇಕಾದುದು ವಸಂತದಲ್ಲಿ. ಎತ್ತರದ ಹಿಮನದಿಯು ಚೆನ್ನಾಗಿ ಕರಗುವುದು ಜೂನ್ ತಿಂಗಳಿನಿಂದ. ಬಿತ್ತನೆ ತಡವಾದರೆ ಜವೆಗೋಧಿಯು ಮಾಗುವ ಮೊದಲೇ ಚಳಿಯು ಬಂದುಬಿಡುವುದು. ಈಚೆಗೆ ಭೂಮಿಯ ತಾಪವು ಹೆಚ್ಚಿ ಹಿಮನದಿಗಳೂ ಕ್ಷೀಣಿಸುತ್ತಿರುವುದರಿಂದ ಆಕೆಯ ಚಿಂತೆಯು ಅಕಾರಣವಾದುದಲ್ಲ.

ಇದಕ್ಕೆ ಚೆವಾಂಗ್ ನೋರ್ಫೆಲ್ ಎಂಬ ಎಂಜಿನಿಯರರು ಒಂದು ಉಪಾಯವನ್ನು ಮಾಡಿದರು. ಚಳಿಗಾಲದಲ್ಲಿ ವೃಥಾ ಹರಿದುಹೋಗುವ ನೀರನ್ನು ಬೆಟ್ಟದ ನೆರಳಿಗೆ ತಿರುಗಿಸಿ, ಸಣ್ಣ ಕಲ್ಲುಗೋಡೆಗಳಿಂದ ಅದರ ವೇಗವನ್ನು ತಗ್ಗಿಸಿ, ಪದರಪದರವಾಗಿ ಹೆಪ್ಪುಗಟ್ಟಿಸಿದರು. ಈ ಕೃತಕ ಹಿಮನದಿಯು ಸ್ವಾಭಾವಿಕವಾದುದಕ್ಕಿಂತ ಕೆಳಗಿರುವುದರಿಂದ ಬೇಗ ಕರಗಿ ಬಿತ್ತನೆಗೆ ಒದಗುವುದು. 2015ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸೋನಮ್ ವಾಂಗ್ಚುಕರು 2013ರ ಚಳಿಗಾಲದಿಂದ ಕೊಳಾಯಿಯ ನೀರನ್ನು ಮೇಲಕ್ಕೆ ಚಿಮ್ಮಿಸಿ ಹಿಮಸ್ತೂಪಗಳನ್ನು ಬೆಳೆಸಿದರು. ಶಂಕುವಿನ ಆಕಾರದಿಂದ ಬಿಸಿಲಿಗೆ ತಾಗುವ ಮೈ ಕಡಮೆಯಾಗಿ, ಹಿಮವು ಬಹುಕಾಲ ನಿಲ್ಲುವುದು.

ಆದರೆ ಇವೆಲ್ಲಕ್ಕೂ ಕೈಗಳು ಬೇಕು. ಪ್ರತಿವರ್ಷವೂ ಊರವರು ಕೂಡಿ ಕಾಲುವೆಯ ಹೂಳೆತ್ತಬೇಕು. ಆ ವೃದ್ಧೆಯ ಇಬ್ಬರು ಮಕ್ಕಳೂ ಪಟ್ಟಣದ ಹೋಟೆಲುಗಳಲ್ಲಿ ಕೆಲಸಕ್ಕಿರುವರು. ಅಲ್ಲಿ ನಮ್ಮಂತಹ ಪ್ರವಾಸಿಗಳ ಸ್ನಾನಕ್ಕೋಸ್ಕರ ಕೊಳವೆಬಾವಿಗಳನ್ನು ಕೊರೆದಿರುವರು. ಹಳ್ಳಿಯ ಕಾಲುವೆಯು ಉಳಿಯುವುದೇ ಎಂಬ ಪ್ರಶ್ನೆಗೆ ಹಿಮದಷ್ಟೇ ಅದರ ಮಕ್ಕಳೂ ಉತ್ತರ ಹೇಳಬೇಕಾಗಿದೆ. ಅತಿಥಿಗಳಾಗಿ ಹೋಗುವ ನಾವೂ ಹೇಳಬೇಕಾಗಿದೆ.